ಒಂದೇ ಸ್ಟ್ಯಾಂಪ್ ಸೆಟ್, 24 ಕಾರ್ಡ್: ಒಂದರಂಗ ಇನ್ನೊಂದು ಕಾಣಬಾರದು ಅಂದ್ರ ಹೆಂಗ ಮಾಡಬೇಕು?

ಕಾಗದದಕ್ಕ, ಕಲಬುರಗಿ

ನಮಸ್ಕಾರ್ರಿ ಎಲ್ಲರಿಗೂ. ಕ್ಲಿಯರ್ ಸ್ಟ್ಯಾಂಪಿನ (ಪ್ಲಾಸ್ಟಿಕ್ ಬ್ಲಾಕಿಗೆ ಅಂಟಿಸಿ, ಇಂಕ್ ಹಚ್ಚಿ ಕಾಗದಕ್ಕ ಒತ್ತೂ ಪಾರದರ್ಶಕ ಪಾಲಿಮರ್ ಅಚ್ಚು) ಒಂದೇ ಸೆಟ್ ಅದ. ಅದರಾಗ 9 ತುಂಡು: 55 ಮಿ.ಮೀ. ಅಗಲದ ದೊಡ್ಡ ಹೂ (ಬರೇ ಗೆರಿ), 20 ಮಿ.ಮೀ. ಸಣ್ಣ ಹೂ (ತುಂಬಿದ್ದು), ಒಂದು ಮೊಗ್ಗು, 45 ಮಿ.ಮೀ. ಉದ್ದನ ಎಲಿ, 15 ಮಿ.ಮೀ. ಸಣ್ಣ ಎಲಿ, 70 ಮಿ.ಮೀ. ದಂಟು, ಚುಕ್ಕಿಗಳ ಗೊಂಚಲ, ಮತ್ತ ಇಂಗ್ಲಿಷಿನಾಗ ಎರಡು ಶುಭಾಶಯ. ದಸರಾಕ್ಕ 24 ಕಾರ್ಡ್ ಆಗಬೇಕು. ನಾಲ್ಕು ಮಾಡೂದ್ರಾಗ ಐದನೇದು ಮೊದಲನೇದರಂಗೇ ಕಾಣ್ತದ: ನಡುವ ಹೂ, ಆಜೂಬಾಜೂ ಎರಡು ಎಲಿ, ಕೆಳಗ ಅಕ್ಷರ. ಇನ್ನೊಂದು ಸೆಟ್ ತಗೊಳ್ಳದೇ ಬ್ಯಾರೆ ಬ್ಯಾರೆ ಮಾಡೋದು ಹೆಂಗ? ಕಪ್ಪು, ಕೆಂಪು, ಹಸಿರು ಪ್ಯಾಡ್ ಅವ. ವಾಟರ್ ಕಲರ್ ಪೆನ್ಸಿಲ್ ಅವ.

ಬೀದರ್ ಬೂಟಿ

ಅಕ್ಕಾರ, 9 ತುಂಡು ಭಾಳ ಆಯ್ತು. ಕಾರ್ಡ್ ಒಂದೇ ನಮೂನಿ ಕಾಣೋದು ಖಾಲಿ ಜಾಗದಿಂದ. ಹೂ ನಡುವ ಇಟ್ರ ನಾಲ್ಕೂ ಕಡಿ ಖಾಲಿ ಜಾಗ ಅಷ್ಟೇ ಉಳೀತದ, ಬಣ್ಣ ಎಷ್ಟು ಬದಲ ಮಾಡಿದ್ರೂ ಕಣ್ಣಿಗೆ ಅದೇ ಕಾರ್ಡ್. ಮೊದಲು ಖಾಲಿ ಜಾಗ ಎಲ್ಲಿ ಬಿಡಬೇಕು ಅಂತ ಗಟ್ಟಿ ಮಾಡ್ಕೋರಿ, ಆಮೇಲೆ ಸ್ಟ್ಯಾಂಪ್ ಕೈಗೆ ತಗೋರಿ. ಪ್ಯಾನೆಲ್ (ಸ್ಟ್ಯಾಂಪ್ ಒತ್ತಿ ಕಾರ್ಡಿನ ಮ್ಯಾಲ ಅಂಟಿಸೂ ಕಾಗದ) 95 × 138 ಮಿ.ಮೀ. ಅಂತ ಹಿಡಿದು ಹೇಳ್ತೀನಿ.

ಮೂಲಿ: ದೊಡ್ಡ ಹೂವಿನ ಮೂರನೇ ಒಂದು ಭಾಗ ಕಾಗದದ ಹೊರಗ ಹೋಗಲಿ. ಪ್ಯಾನೆಲ್ ಕೆಳಗ ರದ್ದಿ ಕಾಗದ ಇಟ್ಟು ಎರಡರ ಮ್ಯಾಲೂ ಕೂಡೇ ಒತ್ರಿ. ಎದುರು ಮೂಲಿ ಪೂರಾ ಖಾಲಿ ಬಿಡ್ರಿ, ಅಕ್ಷರ ಅಲ್ಲಿ.

ಪಟ್ಟಿ: ಮಾಸ್ಕಿಂಗ್ ಟೇಪಿನ ಎರಡು ತುಂಡು, ನಡುವ 35 ಮಿ.ಮೀ. ಸಂದು. ಆ ಸಂದಿನಾಗ ಸಣ್ಣ ಹೂ, ಸಣ್ಣ ಎಲಿ, ಚುಕ್ಕಿ ಒತ್ತಾಗಿ ತುಂಬ್ರಿ, ಟೇಪಿನ ಮ್ಯಾಲೂ ಹೋಗಲಿ. ಟೇಪ್ ಕಿತ್ತಿದ್ರ ಅಂಚು ಕತ್ತಿಲಿ ಕೊಯ್ದಂಗ ಬರ್ತದ. ಟೇಪನ್ನ ಮೊದಲು ಅರಬಿಗೆ ಎರಡು ಸಲ ಅಂಟಿಸಿ ಕಿತ್ತು ಜಿಗುಟು ಕಮ್ಮಿ ಮಾಡ್ಕೋರಿ, ಇಲ್ಲಾಂದ್ರ ಕಾಗದದ ಮೇಲಿನ ಪದರೇ ಎದ್ದು ಬರ್ತದ. ಇದೇ ಪಟ್ಟಿ ಅಡ್ಡ, ಉದ್ದ, ಓರಿ ಹಾಕಿದ್ರ ಮೂರು ಕಾರ್ಡ್ ಆದವು.

ಸುತ್ತು: 2.6 ಅಳತಿ ಬಳಿ ತಗೋರಿ. ಒಳಗಿನ ಅಡ್ಡಳತಿ 60 ಮಿ.ಮೀ. ಇರ್ತದ. ಪೆನ್ಸಿಲಿಂದ ಹಗುರ ಗೀರಿ, ಗಡಿಯಾರದ 12 ತಾಸಿನ ಜಾಗಕ್ಕ ಸಣ್ಣ ಎಲಿ ಒಂದೊಂದು, ಎಲ್ಲಾ ಒಂದೇ ಕಡಿ ಓರಿ ಆಗಿ. ಮೊದಲು 12, 3, 6, 9 ಒತ್ತಿ ಆಮೇಲೆ ನಡುವಿನವು. ಒಂದು ತುದಿಯಿಂದ ಸುರು ಮಾಡಿದ್ರ ಕೊನೀ ಎಲಿಗೆ ಜಾಗ ಹೆಚ್ಚು ಇಲ್ಲಾ ಕಮ್ಮಿ ಆಗೇ ಆಗ್ತದ. ಉದ್ದನ ಎಲಿ ಇಲ್ಲಿ ಬ್ಯಾಡ. 45 ಮಿ.ಮೀ. ನೆಟ್ಟಗಿನ ಎಲಿ ನಾಲ್ಕು ಇಟ್ರ ಸುತ್ತು ಹೋಗಿ ಚೌಕ ಆಗ್ತದ. ಇಂಕ್ ಪೂರಾ ಒಣಗಿದ ಮ್ಯಾಲೇ ರಬ್ಬರಿಂದ ಪೆನ್ಸಿಲ್ ಗೆರಿ ಅಳಿಸ್ರಿ.

ಬೂಟಿ: ಸೀರಿ ಒಡಲಿನಾಗ ಇರ್ತಾವಲ್ಲ, ಹಂಗ. ಸಣ್ಣ ಹೂ 30 ಮಿ.ಮೀ.ಗೆ ಒಂದು, ಮುಂದಿನ ಸಾಲು 15 ಮಿ.ಮೀ. ಸರಿಸಿ. ಅಂಚಿಗೆ ಬಂದಾಗ ನಿಲ್ಲಿಸಬ್ಯಾಡ್ರಿ, ಅರ್ಧ ಹೂ ಹೊರಗ ಹೋಗಲಿ. ಅಂಚಿನ ಒಳಗೇ ಎಲ್ಲಾ ಹೂ ಕೂಡಿಸಿದ್ರ ಬಟ್ಟಿ ಅನಿಸೂದಿಲ್ಲ, ಎಣಿಸಿ ಇಟ್ಟಂಗ ಕಾಣ್ತದ.

ಕಟಿಂಗ್ ಮಷೀನ್, ಕಲಬುರಗಿ

ಸ್ಟ್ಯಾಂಪ್ ಒತ್ತುವ ಮೊದಲು ಕಾಗದದ ಲೆಕ್ಕ ಮುಗಿಸಿಕೊಳ್ಳಿ ಮೇಡಂ. ಬುಡದ ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಐವರಿ, ಅಂದರೆ ಒಂದು ಬದಿ ಹೊಳಪಿನ ದಪ್ಪ ಕಾಗದ, ಎ4 ಅಳತೆಯ 12 ಹಾಳೆ. 297 ಮಿ.ಮೀ. ಬದಿಯನ್ನು ನಡುವೆ ಕತ್ತರಿಸಿದರೆ 210 × 148.5ರ ಎರಡು ತುಂಡು, ಪ್ರತಿ ತುಂಡನ್ನು 105ಕ್ಕೆ ಮಡಚಿದರೆ ಒಂದು ಎ6 ಕಾರ್ಡು. ಮೇಲಿನ ಪ್ಯಾನೆಲ್ 95 × 138 ಆದರೆ ಎ4ಗೆ ನಾಲ್ಕು ಬರುತ್ತವೆ, 6 ಹಾಳೆ ಸಾಕು. ಸುತ್ತ 5 ಮಿ.ಮೀ. ಅಂಚು ಉಳಿಯುತ್ತದೆ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಮಡಚದೆ ಬರೀ ಬಾಗಿಸಿ ನೋಡಿ: ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆ ಆ ಕಡೆಗೇ ಬರಬೇಕು. ಎದುರು ದಿಕ್ಕಿಗೆ ಮಡಚಿದರೆ ಮಡಿಕೆಯ ಮೇಲೆ ಬಿಳಿ ಬಿರುಕು ಬೀಳುತ್ತದೆ, ಗಾಢ ಬಣ್ಣದ ಕಾಗದದಲ್ಲಿ ದೂರದಿಂದಲೇ ಕಾಣುತ್ತದೆ. ಪ್ಯಾಕೆಟ್ಟಿನ ಎ4ನಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ಮೇಲೆ ಹೇಳಿದ ಹಾಗೆ ಕತ್ತರಿಸಿದರೆ ಸರಿಹೋಗುತ್ತದೆ. ದೊಡ್ಡ ಶೀಟಿನಿಂದ ಕತ್ತರಿಸಿ ಕೊಟ್ಟ ಹಾಳೆಗೆ ಆ ಭರವಸೆ ಇಲ್ಲ, ಬಾಗಿಸಿ ನೋಡಲೇಬೇಕು.

ಮಡಚುವ ಮೊದಲು ಸ್ಕೇಲ್ ಇಟ್ಟು ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಎರಡು ಸಲ ಗೀರಿ. ಗೀರಿದ ಕಡೆ ತಗ್ಗು, ಹಿಂದೆ ಉಬ್ಬು ಬರುತ್ತದೆ. ಉಬ್ಬು ಒಳಗೆ ಬರುವಂತೆ ಮಡಚಬೇಕು. ಬಹಳ ಜನ ತಗ್ಗಿನ ಕಡೆಗೇ ಮಡಚುತ್ತಾರೆ, ಆಗ ಹೊರಗಿನ ಪದರ ಎಳೆದಾಡಿ ಹರಿಯುತ್ತದೆ.

ಐವರಿಯ ಹೊಳಪಿನ ಬದಿಗೆ ಸಾದಾ ಇಂಕ್ ಇಳಿಯುವುದಿಲ್ಲ, ಮೇಲೆಯೇ ನಿಂತು ಬೆರಳಿಗೆ ಹತ್ತುತ್ತದೆ. ಒರಟು ಬದಿ ಮೇಲೆ ಒತ್ತಿ. ನೀರಿನ ಬಣ್ಣ ಹಚ್ಚುವ ಪ್ಯಾನೆಲ್‌ಗೆ ಐವರಿ ಬೇಡವೇ ಬೇಡ, ಎರಡನೇ ಸಲ ಬ್ರಷ್ ಆಡಿಸಿದರೆ ಪುಡಿಪುಡಿಯಾಗಿ ಏಳುತ್ತದೆ. 200 ಜಿಎಸ್‌ಎಂ ಮೇಲಿನ ಕಾರ್ಟ್ರಿಡ್ಜ್ (ಚಿತ್ರ ಬಿಡಿಸುವ ಕಾಗದ) ಅಥವಾ ವಾಟರ್ ಕಲರ್ ಕಾಗದ ಇರಲಿ. ಪ್ಯಾನೆಲ್ ಅಂಟಿಸಲು 6 ಮಿ.ಮೀ. ಡಬಲ್ ಸೈಡ್ ಟೇಪ್. ಫೆವಿಕಾಲ್ ಹಚ್ಚುವುದಾದರೆ ನೀರು ಬೆರೆಸದೆ ತೆಳ್ಳಗೆ ಹಚ್ಚಿ, ಪುಸ್ತಕದ ಭಾರದ ಕೆಳಗೆ ಒಂದು ತಾಸು ಇಡಿ.

ಕಾಗದದಕ್ಕ, ಕಲಬುರಗಿ

ಅಣ್ಣಾರ, ಉಬ್ಬು ಒಳಗ ಅನ್ನೋದು ಈಗ ತಿಳೀತು. ಇನ್ನೆರಡು ಕೇಳ್ತೀನಿ. ದೊಡ್ಡ ಹೂ ಒತ್ತಿದ್ರ ಅಂಚು ಛಲೋ ಬರ್ತದ, ನಡುವಿನ ಎಸಳು ಹರದಂಗ ಬರ್ತಾವ. ಮತ್ತ ಕಪ್ಪು ಗೆರಿ ಮ್ಯಾಲ ನೀರಿನ ಬ್ರಷ್ ಮುಟ್ಟಿಸಿದ್ರ ಗೆರಿ ಕರಗಿ ಎಲ್ಲಾ ಕಡಿ ಹರಡ್ತದ.

ಸುರಪುರ ಬಣ್ಣ

ಮೊದಲನೇದಕ್ಕ ಮೂರು ಕಾರಣ ಇರ್ತಾವ. ಹೊಸಾ ಪಾಲಿಮರ್ ಸ್ಟ್ಯಾಂಪಿನ ಮ್ಯಾಲ ತಯಾರಿಯ ಎಣ್ಣಿ ಪದರ ಉಳಿದಿರ್ತದ, ಇಂಕ್ ಅಲ್ಲಿ ಹನಿ ಹನಿ ಆಗಿ ನಿಂದರ್ತದ. ಪೆನ್ಸಿಲ್ ರಬ್ಬರಿಂದ ಸ್ಟ್ಯಾಂಪಿನ ಮುಖ ಹಗುರ ತಿಕ್ಕಿ, ಒದ್ದಿ ಅರಬಿಯಿಂದ ಒರೆಸ್ರಿ. ಎರಡನೇದು ನೆಲಿ. ಟೇಬಲ್ ಗಟ್ಟಿ ಇದ್ರ ಕಾಗದದ ಏರಿಳಿತಕ್ಕ ಸ್ಟ್ಯಾಂಪ್ ಹೊಂದೂದಿಲ್ಲ. 2ರಿಂದ 3 ಮಿ.ಮೀ. ಫೋಮ್ ಶೀಟ್ ಇಲ್ಲಾಂದ್ರ ಹಳೇ ಮೌಸ್ ಪ್ಯಾಡ್ ಕೆಳಗ ಹಾಕ್ರಿ. ಅದಕ್ಕಿಂತ ಮೆತ್ತಗ ಬ್ಯಾಡ, ಮೆತ್ತಗಾದ್ರ ಸ್ಟ್ಯಾಂಪಿನ ಅಂಚು ಒತ್ತಿ ಕಲೆ ಬೀಳ್ತದ. ಮೂರನೇದು ಕೈ. ಬ್ಲಾಕಿನ ಅಂಚು ಹಿಡಿದು ಒತ್ತಿದ್ರ ನಡುವ ಭಾರ ಬೀಳೂದಿಲ್ಲ. ಬ್ಲಾಕ್ ಇಟ್ಟು, ಬೆರಳಿಂದ ನಟ್ಟನಡುವ ನೆಟ್ಟಗ ಒತ್ತಿ, ಮೂರು ಎಣಿಸಿ, ನೆಟ್ಟಗೇ ಎತ್ರಿ. ಅಲುಗಾಡಿಸಿದ್ರ ಎರಡೆರಡು ಗೆರಿ.

ಇಂಕ್ ಹಚ್ಚೂ ಮುಂದ ಸ್ಟ್ಯಾಂಪ್ ಮ್ಯಾಲಮುಖ ಮಾಡಿ ಹಿಡಿದು ಪ್ಯಾಡನ್ನ ಅದರ ಮ್ಯಾಲ ಟಪ್ ಟಪ್ ಅಂತ ತಟ್ರಿ. ಸ್ಟ್ಯಾಂಪನ್ನ ಪ್ಯಾಡಿನಾಗ ಅದುಮಿದ್ರ ಗೆರಿ ನಡುವಿನ ತಗ್ಗಿಗೂ ಇಂಕ್ ಹೋಗ್ತದ.

ಎರಡನೇದು, ನಿಮ್ಮದು ನೀರಿಗೆ ಕರಗೂ ಇಂಕ್. ಪ್ಯಾಡ್ ಮ್ಯಾಲ ಏನು ಬರದಾರ ನೋಡ್ರಿ. ಡೈ ಇಂಕ್ ಕಾಗದದ ಒಳಗ ಇಳೀತದ, ಲಗೂ ಒಣಗ್ತದ, ಬಹಳಷ್ಟು ನೀರಿಗೆ ಹರಡ್ತಾವ. ಪಿಗ್ಮೆಂಟ್ ಇಂಕ್ ಕಾಗದದ ಮ್ಯಾಲ ಕುಂದರ್ತದ, ಸಾವಕಾಶ ಒಣಗ್ತದ, ಬಣ್ಣ ಗಾಢ. ವರ್ಸಾಫೈನ್ ಅಂಥ ಎಣ್ಣಿ ಅಂಶದ ಪಿಗ್ಮೆಂಟ್ ಇಂಕ್ ಪೂರಾ ಒಣಗಿದ ಮ್ಯಾಲ ನೀರು ತಡೀತದ, ಸಣ್ಣ ಗೆರಿಗೆ ಅದೇ ಛಲೋ. ಸ್ಟೇಜಾನ್ ಸಾಲ್ವೆಂಟ್ ಇಂಕ್, ನೀರಿಗೆ ಅಲುಗೂದಿಲ್ಲ, ಖರೆ ಕ್ಲಿಯರ್ ಸ್ಟ್ಯಾಂಪಿಗೆ ಕಲೆ ಕೂಡ್ತದ. ಸ್ಕೆಚ್ ಪೆನ್ನಿನಂಗ ಕಾಣೂ ಆಲ್ಕೊಹಾಲ್ ಮಾರ್ಕರ್ ಹಚ್ಚೂದಾದ್ರ ಮೆಮೆಂಟೊ ಅಂಥ ಡೈ ಇಂಕ್, ಒತ್ತಿ ನಾಲ್ಕೈದು ನಿಮಿಷ ಬಿಟ್ಟು.

ಒಂದೇ ಪ್ಯಾಡಿನಾಗ ಎರಡು ಬಣ್ಣ ಬೇಕಂದ್ರ: ತುಂಬಿದ ಸಣ್ಣ ಹೂವಿಗೆ ಒಮ್ಮೆ ಇಂಕ್ ಹಚ್ಚಿ, ಮೊದಲ ಒತ್ತು ಗಾಢ, ಮತ್ತ ಇಂಕ್ ಹಚ್ಚದೇ ಎರಡನೇದು ತಿಳಿ, ಮೂರನೇದು ಇನ್ನೂ ತಿಳಿ. ತಿಳಿ ಹೂ ಹಿಂದ, ಗಾಢ ಹೂ ಮುಂದ ಬಂದ್ರ ದೂರ, ಹತ್ತಿರ ಅನ್ನೋದು ತಾನೇ ಬರ್ತದ. ಖರೆ ಫ್ಯಾನ್ ಬಂದ್ ಮಾಡಿ. ಗಾಳಿಗೆ ಸ್ಟ್ಯಾಂಪ್ ಮ್ಯಾಲಿನ ಡೈ ಇಂಕ್ ಎರಡನೇ ಒತ್ತಿನೊಳಗೇ ಒಣಗ್ತದ.

ಶಹಾಪುರ ಡಬ್ಬಿ

ಕೈ ಅಲುಗಾಡ್ತದ ಅನ್ನೋರಿಗೆ ಹಳೇ ಸಿ.ಡಿ. ಡಬ್ಬಿ ಭಾಳ ಉಪಯೋಗ. ಒಳಗಿನ ಸಿ.ಡಿ. ಕೂಡೂ ತಟ್ಟಿ ಕಿತ್ತು ತಗೀರಿ. ತಳಕ್ಕ ಫೋಮ್ ಶೀಟ್, ಅದರ ಮ್ಯಾಲ ಪ್ಯಾನೆಲ್, ಒಂದು ಮೂಲಿಗೆ ಹತ್ತಿಸಿ. ಸ್ಟ್ಯಾಂಪನ್ನ ಕಾಗದದ ಮ್ಯಾಲ ಗೆರಿ ಕೆಳಗ ಬರೂ ಹಂಗ ಇಟ್ಟು ಮುಚ್ಚಳ ಮುಚ್ಚಿ ಒತ್ರಿ, ಸ್ಟ್ಯಾಂಪ್ ಮುಚ್ಚಳಕ್ಕ ಅಂಟಿ ಏಳ್ತದ. ಈಗ ಇಂಕ್ ಹಚ್ಚಿ ಮುಚ್ಚಿ ಒತ್ರಿ. ಹರದಲ್ಲಿ ಮತ್ತೊಮ್ಮೆ ಇಂಕ್ ಹಚ್ಚಿ ಅದೇ ಜಾಗಕ್ಕ ಒತ್ತಲಿಕ್ಕ ಬರ್ತದ, ಒಂದು ಕೂದಲೆಳಿನೂ ಸರಿಯೂದಿಲ್ಲ. ಫೋಮ್ ಎಷ್ಟು ದಪ್ಪ ಬೇಕು ಅಂದ್ರ, ಮುಚ್ಚಳ ಮುಚ್ಚಿದಾಗ ಸ್ಟ್ಯಾಂಪ್ ಕಾಗದಕ್ಕ ಹಗುರ ತಾಗಬೇಕು. ಮುಚ್ಚಲಿಕ್ಕೇ ಬರದಿದ್ರ ದಪ್ಪ ಹೆಚ್ಚಾಯ್ತು, ಜಬರಿ ಮಾಡಿದ್ರ ಮೊದಲು ಮುರಿಯೋದು ಮೂಲಿಯ ಎರಡು ಸಣ್ಣ ಕಿವಿ. 138ರ ಪ್ಯಾನೆಲ್ ಇದರಾಗ ಕೂಡೂದಿಲ್ಲ, 110 × 85 ಮಾಡ್ಕೋರಿ. ಎ6 ಬುಡದ ಮ್ಯಾಲ ಅಗಲ ಅಂಚು ಉಳಿದು ಅದೊಂದು ಬ್ಯಾರೆ ನಮೂನಿನೇ ಆಗ್ತದ.

ಹುಮನಾಬಾದ್ ಮೇಜು

ಆಫೀಸಿನ ಸ್ಟ್ಯಾಂಪ್ ಪ್ಯಾಡ್ ನೀರಿಗೆ ಹರಡುತ್ತದೆ ಎಂದು ಅದನ್ನು ಬದಿಗೆ ಇಡಬೇಡಿ. ಆ ಹರಡುವಿಕೆಯೇ ಒಂದು ವಿಧಾನ. ನೇರಳೆ ಪ್ಯಾಡಿನಿಂದ ದೊಡ್ಡ ಹೂವಿನ ಗೆರೆ ಒತ್ತಿ, ಸಣ್ಣ ಬ್ರಷ್ ಒದ್ದೆ ಮಾಡಿ ಟಿಶ್ಯೂಗೆ ಒಮ್ಮೆ ಮುಟ್ಟಿಸಿ, ಗೆರೆಯಿಂದ ಒಳಗಡೆಗೆ ಮಾತ್ರ ಎಳೆಯಿರಿ. ಗೆರೆಯ ಬಣ್ಣವೇ ಎಸಳಿನ ನೆರಳಾಗುತ್ತದೆ, ಬೇರೆ ಬಣ್ಣ ಬೇಕಿಲ್ಲ. ಒಂದು ಎಸಳು ಒಣಗಿದ ಮೇಲೆ ಪಕ್ಕದ್ದು, ಇಲ್ಲದಿದ್ದರೆ ಎರಡೂ ಕೂಡಿ ಒಂದು ಮಚ್ಚೆಯಾಗುತ್ತದೆ.

ಸುರಪುರ ಬಣ್ಣ

ಸರ್, ವಿಧಾನ ಒಪ್ಪಿದೆ. ಖರೆ ಆ ಇಂಕ್ ಬೆಳಕಿಗೆ ಮಾಸ್ತದ. ಗೋಡಿಗೆ ತೂಗು ಹಾಕೂ ಕಾರ್ಡಿಗೆ ಬ್ಯಾಡ, ಲಕೋಟಿಯಾಗ ಇರೂದಕ್ಕ ನಡೀತದ.

ಬೀದರ್ ಬೂಟಿ

ಬಿದ್ರಿ ಕೆಲಸ ನೋಡಿದ್ರ ಒಂದೇ ಹೂವಿನಿಂದ ಎಷ್ಟು ನಮೂನಿ ತೆಗೀಬಹುದು ಅನ್ನೋದು ತಿಳೀತದ. ಸತು, ತಾಮ್ರದ ಲೋಹ, ಅದರಾಗ ಬೆಳ್ಳಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಕೂಡಿಸಿದ ನೀರಿನಾಗ ಅದ್ದಿ ಕಪ್ಪು ಮಾಡ್ತಾರ. ಲೋಹ ಕಪ್ಪಾಗ್ತದ, ಬೆಳ್ಳಿ ಹಂಗೇ ಉಳೀತದ. 2006ರಾಗ ಇದಕ್ಕ ಜಿ.ಐ. (ಭೌಗೋಳಿಕ) ಗುರುತು ಸಿಕ್ಕದ. ತಂತಿ ಕೂಡಿಸೋದು ತಾರಕಶಿ, ತಗಡು ಕೂಡಿಸೋದು ತೆಹನಿಶಾನ್, ಹೂ ಕಪ್ಪಾಗಿ ಬಿಟ್ಟು ಸುತ್ತ ಬೆಳ್ಳಿ ತುಂಬೋದು ಅಫ್ತಾಬಿ. ಈ ಮೂರೂ ನಿಮ್ಮ ಸೆಟ್ಟಿನಾಗೇ ಅವ.

ಕಪ್ಪು ಕಾರ್ಡ್ 250 ಜಿಎಸ್‌ಎಂ, ಬೆಳ್ಳಿ ಬಣ್ಣದ ಎಂಬಾಸಿಂಗ್ ಪುಡಿ (ಶಾಖಕ್ಕ ಕರಗಿ ಉಬ್ಬು ಗೆರಿ ಆಗೂದು), ವರ್ಸಾಮಾರ್ಕ್ ಅಂಥ ಬಣ್ಣ ಇಲ್ಲದ ಜಿಗುಟು ಇಂಕ್, ಹೀಟ್ ಗನ್ (ಬಿಸಿ ಗಾಳಿ ಊದೂ ಸಾಧನ) ಬೇಕು. ಮೊದಲು ಕಾರ್ಡಿನ ಮ್ಯಾಲ ಟಾಲ್ಕಂ ಪೌಡರ್ ಹತ್ತಿಯಿಂದ ಹಗುರ ಒರೆಸಿ ಝಾಡಿಸ್ರಿ. ಇದನ್ನ ಬಿಟ್ರ ಪುಡಿ ಎಲ್ಲಾ ಕಡಿ ಅಂಟಿ ಕಪ್ಪಿನ ಮ್ಯಾಲ ಬೆಳ್ಳಿ ಧೂಳು ಚೆಲ್ಲಿದಂಗ ಕಾಣ್ತದ. ಸ್ಟ್ಯಾಂಪ್ ಒತ್ತಿ, ತಡ ಮಾಡದೇ ಪುಡಿ ಸುರುವಿ, ಕಾಗದ ಓರಿ ಮಾಡಿ ಹಿಂದಿನಿಂದ ಬೆರಳಲೆ ತಟ್ಟಿ ಉಳಿದ ಪುಡಿ ಡಬ್ಬಿಗೆ ಹಾಕ್ರಿ. ದಾರಿ ತಪ್ಪಿದ ಕಾಳು ಒಣ ಬ್ರಷಿಂದ ತಗೀರಿ, ಶಾಖ ಕೊಟ್ಟ ಮ್ಯಾಲ ಬರೂದಿಲ್ಲ. ಗನ್ ಹದಿನೈದು ಸೆಕೆಂಡ್ ಗಾಳಿಗೆ ಕಾಸಿ, ಆಮೇಲೆ ಕಾಗದದ ಹತ್ತಿರ ತರ್ರಿ. ತಣ್ಣಗ ಇದ್ದಾಗೇ ತಂದ್ರ ಪುಡಿ ಹಾರ್ತದ. ಒರಟು ಬೂದಿ ಬಣ್ಣ ಒಮ್ಮೆಲೇ ತಿರುಗಿ ಕನ್ನಡಿಯಂಗ ಹೊಳೀತದ. ಆ ಹೊಳಪು ಬಂದ ಕೂಡ್ಲೇ ಮುಂದ ಸರೀರಿ. ಹೆಚ್ಚು ಕಾಸಿದ್ರ ಪುಡಿ ಕಾಗದದೊಳಗ ಇಳಿದು ಉಬ್ಬು ಹೋಗಿ ಎಣ್ಣಿ ಕಲೆಯಂಗ ಆಗ್ತದ. ಕೂದಲು ಒಣಗಿಸೂ ಡ್ರೈಯರ್ ನಡೆಯೂದಿಲ್ಲ, ಗಾಳಿ ಹೆಚ್ಚು, ಶಾಖ ಕಮ್ಮಿ.

ದೊಡ್ಡ ಹೂವಿನ ಗೆರಿ ಒತ್ತಿದ್ರ ತಾರಕಶಿ. ತುಂಬಿದ ಸಣ್ಣ ಹೂ ಒತ್ತಿದ್ರ ತೆಹನಿಶಾನ್. ಅಫ್ತಾಬಿಗೆ ಮಾಸ್ಕ್ ಬೇಕು: ದೊಡ್ಡ ಹೂವನ್ನ ಅಂಟುವ ಚೀಟಿ ಮ್ಯಾಲ, ಅಂಟು ಇರೂ ಅಂಚಿನ ಕಡಿ ಬರೂ ಹಂಗ ಒತ್ತಿ ಕತ್ತರಿಸಿ ಕಪ್ಪು ಕಾರ್ಡಿಗೆ ಹಚ್ರಿ. 55 × 80ರ ಚೌಕಟ್ಟು ಬಿಟ್ಟು ಹೊರಗ ಮಾಸ್ಕಿಂಗ್ ಟೇಪ್. ಜಿಗುಟು ಪ್ಯಾಡನ್ನೇ ನೇರ ತಟ್ಟಿ ಚೌಕಟ್ಟು ತುಂಬಿ, ಮಾಸ್ಕ್ ಮತ್ತ ಟೇಪ್ ತಗದು, ಆಮೇಲೆ ಪುಡಿ. ಮಾಸ್ಕ್ ಇದ್ದಾಗ ಶಾಖ ಕೊಟ್ರ ಅದೂ ಕೂಡೇ ಅಂಟ್ತದ. ಇಷ್ಟು ಜಾಗಕ್ಕ ಶಾಖ ಕೊಟ್ಟಾಗ ಕಾರ್ಡ್ ಬಾಗ್ತದ, ಅದಕ್ಕ ಕಾಗದದ ಹಿಂದಿನಿಂದ ಕಾಸ್ರಿ. ಪೂರಾ ತಣ್ಣಗಾದ ಮ್ಯಾಲ ಪುಸ್ತಕದ ಕೆಳಗ ಇಡ್ರಿ, ಬಿಸಿ ಇದ್ದಾಗ ಇಟ್ರ ಪುಸ್ತಕಕ್ಕ ಅಂಟ್ತದ.

ಮಾಸ್ಕಿನ ಮಾತು ಬಂತು, ಇದನ್ನೂ ಹೇಳ್ತೀನಿ. ಹೂವಿನ ಹಿಂದಿನಿಂದ ಎಲಿ ಬರಬೇಕಂದ್ರ ಮುಂದಿನದನ್ನ ಮೊದಲು ಒತ್ತಬೇಕು. ಹೂ ಒತ್ತಿ, ಮಾಸ್ಕ್ ಮುಚ್ಚಿ, ಎಲಿಯನ್ನ ಮಾಸ್ಕಿನ ಮ್ಯಾಲಿಂದ ಹಾಯಿಸಿ ಒತ್ರಿ. ಮಾಸ್ಕನ್ನ ಗೆರಿ ಹೊರಗ ಕತ್ತರಿಸಿದ್ರ ಹೂವಿನ ಸುತ್ತ ಬಿಳಿ ಸಂದು ಉಳೀತದ. ಗೆರಿ ಮ್ಯಾಲೇ, ಒಂದು ಕೂದಲೆಳಿ ಒಳಗ ಕತ್ತರಿಸ್ರಿ.

ಯಾದಗಿರಿ ಅಕ್ಷರ

ಇಂಗ್ಲಿಷ್ ಶುಭಾಶಯ ಬೇಡವಾದರೆ ಕನ್ನಡದ ಒಂದು ಸಾಲನ್ನು ರಬ್ಬರ್ ಸ್ಟ್ಯಾಂಪ್ ಮಾಡುವ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಹೇಳಬೇಕಾದ್ದು ಮೂರು. ಒಳಗೆ ಇಂಕ್ ತುಂಬಿರುವ ಪ್ರೀ-ಇಂಕ್ ಸ್ಟ್ಯಾಂಪ್ ಬೇಡ, ಹೊರಗಿನ ಪ್ಯಾಡಿನಿಂದ ಒತ್ತುವ ರಬ್ಬರ್ ಅಥವಾ ಪಾಲಿಮರ್ ಬೇಕು. ಪ್ರೀ-ಇಂಕ್‌ನಲ್ಲಿ ಬಣ್ಣ ಬದಲಿಸಲು ಆಗುವುದಿಲ್ಲ, ಬೆಳ್ಳಿ ಪುಡಿಯೂ ನಿಲ್ಲುವುದಿಲ್ಲ. ಎರಡು, ಅಕ್ಷರ ದಪ್ಪ ಇರಲಿ, 14 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡದಲ್ಲಿ ತೊಂದರೆ ಕೊಡುವುದು ಒತ್ತಕ್ಷರ ಮತ್ತು ತಲೆಕಟ್ಟಿನ ಸಂದು. ‘ಹಬ್ಬ’ದ ಕೆಳಗಿನ ಬ-ಒತ್ತು, ‘ಹಾರ್ದಿಕ’ದ ಅರ್ಕಾವತ್ತು ಇವುಗಳ ಹೊಟ್ಟೆಯಲ್ಲಿ ಇಂಕ್ ತುಂಬಿ ಮುಚ್ಚಿಹೋಗುತ್ತವೆ. ‘ಶುಭಾಶಯಗಳು’ ಒತ್ತಿಲ್ಲದ ಪದ, ಸಣ್ಣದಾಗಿಯೂ ನಿಚ್ಚಳವಾಗಿ ಬರುತ್ತದೆ. ಅದನ್ನೇ ಮಾಡಿಸಿದರೆ ದಸರಾ, ಯುಗಾದಿ, ರಂಜಾನ್, ಕುಬಸ ಎಲ್ಲಕ್ಕೂ ಆಗುತ್ತದೆ, ಹಬ್ಬದ ಹೆಸರನ್ನು ಮೇಲೆ ಪೆನ್ನಿನಲ್ಲಿ ಬರೆಯಿರಿ. ಮೂರು, ಫೈಲ್ ಕೊಡುವಾಗ ಅಕ್ಷರ ನೇರವಾಗಿಯೇ ಇರಲಿ. ತಿರುಗಿಸುವುದು ಅಂಗಡಿಯವರ ಕೆಲಸ, ನೀವೂ ತಿರುಗಿಸಿ ಕೊಟ್ಟರೆ ಒತ್ತಿದಾಗ ಉಲ್ಟಾ ಬರುತ್ತದೆ.

ಲಕೋಟೆ ಎ6ಗೆ ಸಿ6 ಅಳತೆ, 114 × 162 ಮಿ.ಮೀ. ಫೋಮ್ ಟೇಪ್ ಹಾಕಿ ಎತ್ತರಿಸಿದ ಹೂ ಕೈಯಲ್ಲಿ ಕೊಡುವ ಕಾರ್ಡಿಗೆ ಮಾತ್ರ. ಅಂಚೆಗೆ ಹಾಕುವುದಾದರೆ ಅಂಚೆ ಕಚೇರಿಯ ಮುದ್ರೆ ಬಿದ್ದು ಹೂ ಜಜ್ಜುತ್ತದೆ.

ಸುರಪುರ ಬಣ್ಣ

ದಸರಾ ಅಂದ್ರ ಬನ್ನಿ ಕಾರ್ಡ್ ಬೇಕೇ ಬೇಕಲ್ರಿ. 70 ಮಿ.ಮೀ. ದಂಟನ್ನ ಓರಿ ಆಗಿ ಒತ್ತಿ, ಅದರ ಎರಡೂ ಕಡಿ 15 ಮಿ.ಮೀ. ಎಲಿಯ ತುದಿ ಅಷ್ಟೇ ಒತ್ರಿ. ಎಲಿಯ ಅರ್ಧಕ್ಕ ಮಾತ್ರ ಇಂಕ್ ಹಚ್ಚಿದ್ರ 7 ಮಿ.ಮೀ. ಪುಟ್ಟ ಎಲಿ ಆಗ್ತದ, ಎದುರುಬದುರು ಎಂಟು ಜೋಡಿ ಕೂಡ್ತಾವ. ಅರ್ಧ ಎಲಿಗೆ ಟೇಪ್ ಹಚ್ಚಿ, ಇಂಕ್ ತಟ್ಟಿ, ಟೇಪ್ ಕಿತ್ತು, ಆಮೇಲೆ ಕಾಗದಕ್ಕ ಒತ್ರಿ. ಟೇಪ್ ಇದ್ದಂಗೇ ಒತ್ತಿದ್ರ ಅದರ ಮ್ಯಾಲಿನ ಇಂಕೂ ಮೂಡ್ತದ. ಗಾಢ ಹಸಿರು ಒಂದು ಟೊಂಗಿ, ಇಂಕ್ ಹಚ್ಚದೇ ಎರಡನೇ ಒತ್ತಿನ ತಿಳಿ ಟೊಂಗಿ ಹಿಂದ. ಬಂಗಾರ ಬಣ್ಣದ ಪುಡಿ ಸಿಕ್ರ ಒಂದೇ ಟೊಂಗಿ ಬಂಗಾರದಾಗ, ಕೆಳಗ ಕೈಲೇ ಬರೀರಿ: ಬನ್ನಿ ತಗೊಂಡು ಬಂಗಾರದಂಗ ಇರೋಣ.

ಕಾಗದದಕ್ಕ, ಕಲಬುರಗಿ

ಲೆಕ್ಕ ಹಾಕೀನಿ. ಮೂಲಿ 4, ಪಟ್ಟಿ 4, ಸುತ್ತು 4, ಬೂಟಿ 4, ಬಿದ್ರಿ 4 (ತಾರಕಶಿ 2, ಅಫ್ತಾಬಿ 2), ಬನ್ನಿ 4. ಬಿದ್ರಿ ಬಿಟ್ಟು ಉಳಿದ ಒಂದೊಂದು ಗುಂಪಿನ ನಾಲ್ಕರಾಗ ಇಂಕೂ ಬದಲ. ಒಂದೇ ಉಳೀತು: ಕೆಲಸ ಮುಗಿದ ಮ್ಯಾಲ ಸ್ಟ್ಯಾಂಪ್ ಜಿಗುಟು ಹೋಗಿ ಬ್ಲಾಕಿನಿಂದ ಬೀಳ್ತಾವ.

ಶಹಾಪುರ ಡಬ್ಬಿ

ಅದು ಧೂಳು. ಉಗುರುಬೆಚ್ಚಗಿನ ನೀರಿನಾಗ ಒಂದು ಹನಿ ಪಾತ್ರೆ ತೊಳಿಯೂ ಸೋಪು ಹಾಕಿ ಎರಡೂ ಮುಖ ಬೆರಳಲೆ ತಿಕ್ಕಿ, ಅರಬಿಯಿಂದ ಒರೆಸದೇ ಗಾಳಿಗೆ ಒಣಗಿಸ್ರಿ. ಅರಬಿಯ ನಾರು ಅಂಟಿದ್ರ ಮತ್ತ ಹಿಡಿಯೂದಿಲ್ಲ. ಬ್ಲಾಕನ್ನೂ ತೊಳೀರಿ, ಅರ್ಧ ತಪ್ಪು ಅದರದೇ ಇರ್ತದ. ಕಲೆ ಉಳಿದ್ರ ಉಳೀಲಿ, ಒತ್ತಿನಾಗ ಕಾಣೂದಿಲ್ಲ. ಇಡೋದು ನೆರಳಿನಾಗ, ಅವು ಬಂದ ಪ್ಲಾಸ್ಟಿಕ್ ಹಾಳಿ ಮ್ಯಾಲೇ. ಬಿಸಿಲಿಗೆ ಪಾಲಿಮರ್ ಹಳದಿ ಆಗ್ತದ. ಮೇ ತಿಂಗಳಾಗ ನಮ್ಮ ಕಡಿ 42 ಡಿಗ್ರಿ ದಾಟ್ತದ, ಬಂದ್ ಮಾಡಿದ ಕಾರಿನಾಗ ಬಿಟ್ರ ಮೆತ್ತಗಾಗಿ ಒಂದಕ್ಕೊಂದು ಅಂಟಿ, ಬಿಡಿಸೂ ಮುಂದ ಸಣ್ಣ ದಂಟು ಹರೀತದ. ಪ್ಯಾಡುಗಳನ್ನ ಮುಚ್ಚಳ ಹಾಕಿ ಬೋರಲಾಗಿ ಇಡ್ರಿ, ಇಂಕ್ ಮ್ಯಾಲಿನ ಮುಖಕ್ಕ ಇಳಿದಿರ್ತದ.

ಕಟಿಂಗ್ ಮಷೀನ್, ಕಲಬುರಗಿ

ಮೇಡಂ, ಪ್ಯಾನೆಲ್ ಕತ್ತರಿಸಿದಾಗ ಪ್ರತಿ ಹಾಳೆಗೆ 20 ಮಿ.ಮೀ. ಪಟ್ಟಿ ಉಳಿಯುತ್ತದೆ, 210ರಲ್ಲಿ ಎರಡು 95 ಹೋಗಿ. ಅದನ್ನು ಬಿಸಾಡಬೇಡಿ. ಬಿದ್ರಿಯ ಕಪ್ಪು ಕಾರ್ಡಿನಲ್ಲಿ ಅಕ್ಷರ ಒತ್ತಲು ಬಿಳಿ ಪಟ್ಟಿ ಬೇಕಾಗುತ್ತದೆ, ಅದೇ ಇದು.